ಹುಳಿಹಿಟ್ಟಿನ ಪೆಟ್ಟಿಗೆ ಸೇರಿದ ಮದ್ದು

ಪೆಸಾಹ್ ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗಲೇ ಸಮರ್ಕಂದದ ಯೆಹೂದಿ ಕೇರಿಯ ಹೆಂಗಸರಿಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಹಬ್ಬದ ಎಂಟು ದಿನ ಮನೆಯಲ್ಲಿ ಹುಳಿಹಿಟ್ಟಿನ ರೊಟ್ಟಿಯ ಒಂದು ಚೂರೂ ಇರಕೂಡದು; ಗೋಧಿಯ ಬಿಸ್ಕತ್ತು, ಶಾವಿಗೆಯೂ ಅದೇ ಲೆಕ್ಕ. ಹಾಸಿಗೆ ಕೊಡವಬೇಕು, ಕೋಟಿನ ಜೇಬು ತಿರುವಿ ನೋಡಬೇಕು, ಗೋಡೆಯ ಬಿರುಕಿಗೂ ಕಡ್ಡಿ ಹಾಕಿ ಕೆದಕಬೇಕು. ಗಂಡಸರು ಆ ದಿನಗಳಲ್ಲಿ ಅಂಗಡಿಯಲ್ಲಿ ಕೆಲಸ ಹೆಚ್ಚಿದೆ ಎಂದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಪ್ರತಿ ವರ್ಷವೂ ಇದೇ ಕಥೆ.

ಈ ಸಲ ಮಾಫ್ರತಳಿಗೆ ಮಾತ್ರ ಬೇರೆಯೇ ತಳಮಳ. ಪೆಸಾಹ್‌ಗೆ ಒಂದು ತಿಂಗಳು ಮುಂಚೆ ಬರುವ ಪೂರಿಮ್ ಹಬ್ಬದ ದಿನ, ನೆಂಟರ ಮನೆಯಿಂದ ಬಂದ ತಟ್ಟೆಯಲ್ಲಿದ್ದ ಒಂದು ಸಿಹಿಯನ್ನು ಅವಳ ಐದು ವರ್ಷದ ಮಗಳು ಸಿವ್ಯೋ ತಿಂದಿದ್ದಳು. ತಿಂದ ಸ್ವಲ್ಪ ಹೊತ್ತಿಗೆಲ್ಲ ತುಟಿ ಊದಿತು, ಮೈಮೇಲೆ ದದ್ದು ಎದ್ದಿತು, ಕೆಮ್ಮು ಹಿಡಿಯಿತು. ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಪರೀಕ್ಷೆ ಮಾಡಿದ ಡಾಕ್ಟರು, “ಈ ಮಗುವಿನ ಮೈಗೆ ಅಕ್ರೋಟು ಒಗ್ಗುವುದಿಲ್ಲ. ಒಂದು ಚೂರೂ ಬೇಡ. ಪೂರ್ತಿ ಪರೀಕ್ಷೆ ಮುಗಿಯೋವರೆಗೂ ಬಾದಾಮಿ, ಪಿಸ್ತಾ ಕೂಡ ಬೇಡ. ಮುಂದಿನ ಸಲ ಇಷ್ಟಕ್ಕೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ” ಎಂದರು. ಆ ಕೊನೆಯ ಮಾತು ಮಾಫ್ರತಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು.

ಅಕ್ರೋಟು ಬಿಡುವುದೆಂದರೆ ಸಮರ್ಕಂದದಲ್ಲಿ ಸುಲಭವೇ? ಅದರಲ್ಲೂ ಪೆಸಾಹ್‌ನಲ್ಲಿ! ಗೋಧಿಹಿಟ್ಟು ಮುಟ್ಟುವಂತಿಲ್ಲ, ಹಾಗಾಗಿ ಕೇಕಿಗೂ ಅಕ್ರೋಟಿನ ಪುಡಿ, ಮಾಂಸದ ಉಂಡೆಗೂ ಅಕ್ರೋಟಿನ ಪುಡಿ. ಇನ್ನು ಹಬ್ಬದ ರಾತ್ರಿಯ ಸೇದರ್ ಊಟದಲ್ಲಿ ಎಲ್ಲರೂ ನೆಕ್ಕುವ ಹಲೆಕ್ ಎಂಬ ಸಿಹಿಯಂತೂ ಅಕ್ರೋಟು, ಒಣದ್ರಾಕ್ಷಿ, ಸೇಬು ಕುಟ್ಟಿ ಮಾಡುವ ಲೇಹ್ಯವೇ. ಮಾಫ್ರತಳ ಅತ್ತೆ ಬುಲೋರ್ ಮಾಡುವ ಹಲೆಕ್ಕಿಗೆ ಇಡೀ ಕೇರಿಯಲ್ಲಿ ಹೆಸರಿತ್ತು. ಹೆಸರಿದ್ದವರ ಹತ್ತಿರ ಮಾತಾಡುವುದು ಬಲು ಕಷ್ಟ.

ಆ ದಿನ ಬುಲೋರ್ ಬಿಳಿ ಬಟ್ಟೆಯ ಮೇಲೆ ಅಕ್ಕಿ ಹರಡಿಕೊಂಡು ಕನ್ನಡಕ ಏರಿಸಿ ಕೂತಿದ್ದಳು. ಇಲ್ಲಿಯ ಯೆಹೂದಿಗಳು ಪೆಸಾಹ್‌ನಲ್ಲಿ ಅನ್ನ ಉಣ್ಣುತ್ತಾರೆ. ಆದರೆ ಅಕ್ಕಿಯನ್ನು ಕಾಳು ಕಾಳಾಗಿ ಮೂರು ಸಲ ಆರಿಸಬೇಕು. ಒಂದೇ ಒಂದು ಗೋಧಿಕಾಳು ಸೇರಿದ್ದರೂ ಕೆಟ್ಟಿತು. ಮಾಫ್ರತಳೂ ಎದುರು ಕೂತು ಆರಿಸುತ್ತಿದ್ದಳು. ಕೈ ಅಕ್ಕಿಯಲ್ಲಿ, ಮನಸ್ಸು ಮಗಳಲ್ಲಿ. ಕೊನೆಗೂ ಬಾಯಿ ತೆರೆದಳು.

“ಅತ್ತೆ, ಈ ವರ್ಷ ಹಲೆಕ್ಕಿಗೆ ಅಕ್ರೋಟು ಹಾಕೋದು ಬೇಡ್ವೇನೋ ಅಂತ...”

“ಏನಂದೆ?” ಬುಲೋರಳ ಕನ್ನಡಕ ಮೂಗಿನ ತುದಿಗೆ ಜಾರಿತು. “ಅಕ್ರೋಟಿಲ್ಲದ ಹಲೆಕ್ಕಾ? ಉಪ್ಪಿಲ್ಲದ ಸಮುದ್ರ ಇದ್ಯೇನೇ ಎಲ್ಲಾದ್ರೂ?”

“ಡಾಕ್ಟ್ರು ಹೇಳಿದ್ರಲ್ಲ ಅತ್ತೆ...”

“ಡಾಕ್ಟ್ರಂತೆ! ನಮ್ಮ ಕಾಲದಲ್ಲಿ ಈ ಅಲರ್ಜಿ ಗಿಲರ್ಜಿ ಎಲ್ಲಿತ್ತು? ಏಳು ಮಕ್ಕಳನ್ನ ಅಕ್ರೋಟು ತಿನ್ನಿಸೇ ಬೆಳೆಸ್ದೆ. ಪೂರಿಮ್ ದಿನ ಮಗೂಗೆ ರೇಷ್ಮೆ ಅಂಗಿ ಹಾಕಿ ಕೇರಿ ತುಂಬಾ ಮೆರೆಸಿದ್ಯಲ್ಲ, ಯಾರ ಕಣ್ಣು ಬಿತ್ತೋ ಏನೋ. ಇಸಿರಿಕ್ ಸೊಪ್ಪಿನ ಹೊಗೆ ಹಾಕಿದೀನಿ, ಸರಿಹೋಗುತ್ತೆ.”

ಅಷ್ಟರಲ್ಲಿ ಅಂಗಳದ ಬಾಗಿಲು ಕಿರ್ರೆಂದಿತು. ಬಂದವಳು ಪಕ್ಕದ ಮನೆಯ ಮಸ್ತೂರಾ. ತಾಜಿಕ್ ಮುಸಲ್ಮಾನರ ಹೆಣ್ಣುಮಗಳು, ಕೇರಿಯ ಚಿಕಿತ್ಸಾಲಯದಲ್ಲಿ ನರ್ಸು. ಎರಡು ಮನೆಗೂ ಒಂದೇ ಗೋಡೆ. ಮಸ್ತೂರಳ ಮಾವನ ಕಾಲದಿಂದಲೂ ಒಂದು ವಾಡಿಕೆ ನಡೆದುಬಂದಿದೆ: ಹಬ್ಬದ ಹಿಂದಿನ ದಿನ ಈ ಮನೆಯಲ್ಲಿ ಉಳಿದ ಹಿಟ್ಟು, ಬಿಸ್ಕತ್ತು, ಶಾವಿಗೆಯನ್ನೆಲ್ಲ ಒಂದು ಪೆಟ್ಟಿಗೆಗೆ ತುಂಬಿ ಅವರಿಗೆ ಮಾರಿಬಿಡುವುದು. ನಿಜವಾದ ಮಾರಾಟವೇ, ಕೈಗೆ ಕೈ ಕೊಟ್ಟು. ಹಬ್ಬ ಮುಗಿದ ಮೇಲೆ ಮರಳಿ ಕೊಳ್ಳುವುದು. ಹುಳಿಹಿಟ್ಟು ಮನೆಯಲ್ಲೂ ಇರಬಾರದು, ತಮ್ಮದಾಗಿಯೂ ಇರಬಾರದು ಎಂಬುದು ಶಾಸ್ತ್ರ.

“ಪೆಟ್ಟಿಗೆ ಯಾವಾಗ ಕಳಿಸ್ತೀರಿ ದೊಡ್ಡಮ್ಮಾ? ಈ ಸಲ ಜಾಗ ಮಾಡಿಟ್ಕೋಬೇಕು” ಎನ್ನುತ್ತಾ ಬಂದ ಮಸ್ತೂರಾ ಇಬ್ಬರ ಮುಖ ನೋಡಿದಳು. “ಏನು, ಅತ್ತೆ ಸೊಸೆ ಯುದ್ಧವಾ?”

“ನೋಡೇ ತಾಯಿ, ನನ್ನ ಹಲೆಕ್ಕಿಗೆ ಇವಳು ಬಹಿಷ್ಕಾರ ಹಾಕ್ತಿದಾಳೆ” ಎಂದಳು ಬುಲೋರ್. “ಒಂಚೂರು ತಿಂದ್ರೆ ಏನಾಗುತ್ತೆ? ದಿನಾ ಉಗುರಿನಷ್ಟು ಕೊಟ್ಟು ಅಭ್ಯಾಸ ಮಾಡಿಸಿದ್ರೆ ಮೈಗೆ ಒಗ್ಗಲ್ವಾ?”

ಮಸ್ತೂರಾ ನಗು ನಿಲ್ಲಿಸಿದಳು. “ದೊಡ್ಡಮ್ಮಾ, ಆ ಪ್ರಯೋಗ ಮನೇಲಿ ಮಾಡಬೇಡಿ. ಅದು ದೊಡ್ಡಾಸ್ಪತ್ರೇಲಿ ಡಾಕ್ಟ್ರು ಪಕ್ಕದಲ್ಲೇ ನಿಂತು ಮಾಡಿಸೋ ಕೆಲಸ. ಇದು ಅಜೀರ್ಣ ಅಲ್ಲ, ದೃಷ್ಟಿನೂ ಅಲ್ಲ. ಅಕ್ರೋಟು ಹೋದ ತಕ್ಷಣ ಮಗುವಿನ ಮೈ ಅದನ್ನ ಶತ್ರು ಅಂತ ತಿಳ್ಕೊಂಡು ತನ್ನ ಮೇಲೇ ತಾನು ಬೀಳುತ್ತೆ. ಗಂಟಲು ಊದಿ ಉಸಿರಿನ ದಾರಿನೇ ಮುಚ್ಚಿಹೋಗಬಹುದು.”

“ಥೂ, ಬಿಡ್ತು ಅನ್ನು!” ಬುಲೋರ್ ಬಟ್ಟೆಯ ಮೇಲಿನ ಅಕ್ಕಿಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು. ಆಮೇಲೆ, “ಸರಿ. ಅವಳಿಗೆ ಖರ್ಜೂರದ್ದು ಬೇರೆ ಬಟ್ಟಲಲ್ಲಿ ಮಾಡಿಕೊಡ್ತೀನಿ. ನಮಗೆ ನಮ್ಮದು. ಆಯ್ತಾ?” ಎಂದಳು.

“ಬಟ್ಟಲು ಬೇರೆ ಆದ್ರೆ ಸಾಲದು. ಕುಟ್ಟೋ ಒರಳು, ಚಮಚ, ಚಾಕು, ಒರೆಸೋ ಬಟ್ಟೆ ಎಲ್ಲಾ ಬೇರೆ ಇರ್ಬೇಕು. ಕೈಯನ್ನ ಸೋಪು ಹಾಕಿ ತೊಳೀಬೇಕು. ಅದಕ್ಕಿಂತ ಅಕ್ರೋಟೇ ಮನೆಗೆ ಬರದಿದ್ರೆ ಒಳ್ಳೇದು.”

“ಆಯ್ತಾಯ್ತು” ಎಂದಳು ಬುಲೋರ್. ಆ ‘ಆಯ್ತಾಯ್ತು’ ಎಂಥದ್ದೆಂದು ಸೊಸೆಯಂದಿರಿಗೆಲ್ಲ ಗೊತ್ತು.

ಹೋಗುವಾಗ ಮಸ್ತೂರಾ ಮಾಫ್ರತಳನ್ನು ಬಾಗಿಲ ಹತ್ತಿರ ನಿಲ್ಲಿಸಿದಳು. ಡಾಕ್ಟರು ಬರೆದುಕೊಟ್ಟಿದ್ದ ಅಡ್ರಿನಲಿನ್ ಪೆನ್ನುಗಳು ಎರಡು, ಟೆಲ್ ಅವೀವ್‌ನಲ್ಲಿದ್ದ ನಾದಿನಿ ಪರಿಚಯದವರ ಕೈಯಲ್ಲಿ ಕಳಿಸಿದ್ದಳು. ಬರೆಯುವ ಪೆನ್ನಲ್ಲ, ಒತ್ತಿದರೆ ಒಳಗಿನ ಸೂಜಿ ಹೊರಬಂದು ಔಷಧ ಚುಚ್ಚುವ ಪೆನ್ನು. ಹೇಗೆ ಹಿಡಿಯಬೇಕು, ಎಲ್ಲಿ ಚುಚ್ಚಬೇಕು ಎಂದು ಮಸ್ತೂರಾ ಇನ್ನೊಮ್ಮೆ ತೋರಿಸಿದಳು.

“ಎಲ್ಲಿಡ್ತೀಯ ಇದನ್ನ?”

“ಆ ನೀಲಿ ಚೀಲದಲ್ಲಿ, ಬಾಗಿಲ ಮೊಳೇಗೆ ನೇತು ಹಾಕ್ತೀನಿ ಮಸ್ತೂರಕ್ಕ. ಹೊರಗೆ ಹೋದ್ರೂ ತಗೊಂಡು ಹೋಗೋಕೆ ಅನುಕೂಲ.”

“ಒಳ್ಳೇದು. ಮನೆಯವರಿಗೆಲ್ಲ ತೋರಿಸಿಡು. ಅತ್ತೆಗೂ.”

ಮಾಫ್ರತ್ ತಲೆಯಾಡಿಸಿದಳು. ಗಂಡ ನೆರ್ಯೋಗೆ ತೋರಿಸಿದಳು. ಅತ್ತೆಗೆ ತೋರಿಸಲಿಲ್ಲ. ಮತ್ತೆ ದೃಷ್ಟಿ, ಹೊಗೆ, ಏಳು ಮಕ್ಕಳ ಪುರಾಣ ಶುರುವಾಗುತ್ತದೆ, ಹಬ್ಬ ಮುಗಿಯಲಿ ಎಂದುಕೊಂಡಳು. ತಪ್ಪು ಮಾಡಿದಳು ನೋಡಿ, ಅಲ್ಲೇ ತಪ್ಪು ಮಾಡಿದಳು.

ಹಬ್ಬದ ಹಿಂದಿನ ದಿನ ಬಂತು. ಬೆಳಗಿನಿಂದ ಮನೆಯೆಂಬುದು ಸಂತೆಯಾಗಿತ್ತು. ನೆರ್ಯೋ ಕೊನೆಯ ರೊಟ್ಟಿ ಚೂರುಗಳನ್ನು ಅಂಗಳದಲ್ಲಿ ಸುಟ್ಟ. ಪೆಟ್ಟಿಗೆಗೆ ಬೀಗ ಹಾಕಿ, ಹಗ್ಗ ಬಿಗಿದು, ಹೊತ್ತುಕೊಂಡು ಹೋಗಿ ಮಸ್ತೂರಳ ಗಂಡನಿಗೆ ಮಾರಿ, ಕೈಕುಲುಕಿ, ಬೀಗದ ಕೈಯನ್ನೂ ಅವನಿಗೇ ಕೊಟ್ಟು ಬಂದ. ಆಮೇಲೆ ಸಾಮಾನು ತರಲು ಪೇಟೆಗೆ ಹೋದ. ಬುಲೋರಳ ಕಾಲಿಗೆ ಚಕ್ರ ಕಟ್ಟಿದಂತಿತ್ತು. ಅಡುಗೆಮನೆಯಲ್ಲಿ ಅವಳು, ಅಂಗಳದಲ್ಲಿ ಅವಳು, ಅಟ್ಟದ ಮೇಲೂ ಅವಳೇ.

ಹನ್ನೊಂದು ಗಂಟೆಯ ಹೊತ್ತಿಗೆ ನೀರಿನ ಕೊಡ ಹಿಡಿದು ಬಾಗಿಲು ದಾಟುತ್ತಿದ್ದ ಮಾಫ್ರತಳ ಕಣ್ಣು ಮೊಳೆಯ ಮೇಲೆ ಬಿತ್ತು. ಚೀಲವಿರಲಿಲ್ಲ. ನೆರ್ಯೋ ಬೀರುವಿನಲ್ಲಿ ಎತ್ತಿಟ್ಟಿರಬೇಕು, ಕೇಳೋಣ ಎಂದುಕೊಂಡಳು. ಅಷ್ಟರಲ್ಲಿ “ಮಾಫ್ರತ್, ನೀರು!” ಎಂದು ಒಳಗಿಂದ ಕೂಗು. ಹೋದಳು. ಆಮೇಲೆ ಕೇಳೋಣ ಎಂದುಕೊಂಡಳು. ಆಮೇಲೆ ಎಂಬುದು ಆ ದಿನ ಬರಲೇ ಇಲ್ಲ.

ಒಳಗೆ ಹಿತ್ತಾಳೆ ಒರಳಿನಲ್ಲಿ ಢಣ್ ಢಣ್ ಸದ್ದು. ಬುಲೋರ್ ಅಕ್ರೋಟು ಕುಟ್ಟುತ್ತಿದ್ದಳು. ಸಿವ್ಯೋಳ ಖರ್ಜೂರದ ಬಟ್ಟಲು ಆಗಲೇ ತಯಾರಾಗಿ ಬೇರೆ ಕಪಾಟಿನಲ್ಲಿ, ಬೇರೆ ಮುಚ್ಚಳದಡಿ ಕೂತಿತ್ತು. ಮಾತು ಉಳಿಸಿಕೊಂಡಿದ್ದಳು ಮುದುಕಿ. ಆದರೂ ಮಾಫ್ರತಳ ಕಣ್ಣು ಅತ್ತೆಯ ಕೈ ಬಿಟ್ಟು ಕದಲಲಿಲ್ಲ. ಆ ಕೈ ಒರಳಿಗೆ ಹೋಯಿತು, ಉಪ್ಪಿನ ಡಬ್ಬಿಗೆ ಹೋಯಿತು, ಬಾಗಿಲ ಚಿಲಕಕ್ಕೆ ಹೋಯಿತು. ಹೇಳಲೋ ಬೇಡವೋ? ಹಬ್ಬದ ದಿನ ಜಗಳ ಯಾಕೆ? ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರೆ. ಸೊಸೆ ಆಡಿದ ಮಾತಿಗಂತೂ ಬೆಲೆ ತೆರಲೇಬೇಕು. ಸುಮ್ಮನಾದಳು.

ಮಧ್ಯಾಹ್ನವಾಯಿತು. ರೊಟ್ಟಿ ತಿನ್ನುವ ಹೊತ್ತು ಮುಗಿದಿತ್ತು, ಹಬ್ಬದ ಹುಳಿಯಿಲ್ಲದ ರೊಟ್ಟಿ ತಿನ್ನುವ ಹೊತ್ತು ಇನ್ನೂ ಬಂದಿರಲಿಲ್ಲ. ಸಿವ್ಯೋ ಹಸಿವೆಂದು ಅಜ್ಜಿಯ ಬಟ್ಟೆ ಹಿಡಿದು ಜಗ್ಗಿದಳು. ಒಲೆಯ ಮೇಲೆ ಬಖ್ಶ್ ಸಿದ್ಧವಾಗಿತ್ತು. ಕೊತ್ತಂಬರಿ ಸೊಪ್ಪು, ಮಾಂಸದ ತುಣುಕು ಹಾಕಿ ಬೇಯಿಸಿದ ಹಸಿರು ಅನ್ನ. ಮೂರು ಸಲ ಆರಿಸಿದ ಅಕ್ಕಿ. ಅದರಲ್ಲಿ ಅಕ್ರೋಟಿನ ಗಂಧವೂ ಇರಲಿಲ್ಲ.

“ಬಾ ನನ್ನ ಬಂಗಾರ” ಎಂದು ಬುಲೋರ್ ಕೈಯನ್ನು ನೀರಲ್ಲಿ ಅದ್ದಿ, ಸೊಂಟದ ಮುಂದೆ ಕಟ್ಟಿದ್ದ ಬಟ್ಟೆಗೆ ಒರೆಸಿಕೊಂಡಳು. ಅನ್ನವನ್ನು ಬೆರಳುಗಳಲ್ಲಿ ಒತ್ತಿ ತುತ್ತು ಮಾಡಿ ಮೊಮ್ಮಗಳ ಬಾಯಿಗಿಟ್ಟಳು. ಹಿರಿಯರ ಕೈತುತ್ತು ಎಂದರೆ ಆ ಊರಿನಲ್ಲಿ ಆಶೀರ್ವಾದ, ಯಾರೂ ಬೇಡವೆನ್ನುವುದಿಲ್ಲ. ಒಂದು ತುತ್ತು. ಎರಡು. ಮೂರು.

ಮೂರನೆಯ ತುತ್ತು ಸಿವ್ಯೋ ನುಂಗಲಿಲ್ಲ.

“ಅಮ್ಮಾ, ನಾಲಿಗೆ ಕಡೀತಿದೆ” ಎಂದಳು.

ಮಾಫ್ರತ್ ತಿರುಗಿ ನೋಡಿದಳು. ಮಗುವಿನ ಕತ್ತಿನ ಮೇಲೆ ಕೆಂಪು ದದ್ದು ಏಳುತ್ತಿತ್ತು. ನೋಡನೋಡುತ್ತಿದ್ದಂತೆ ತುಟಿ ದಪ್ಪವಾಯಿತು. ಕೆಮ್ಮು ಶುರುವಾಯಿತು, ನಿಲ್ಲದ ಕೆಮ್ಮು. ವಾಂತಿಯಾಯಿತು. “ಅಮ್ಮಾ” ಎಂದು ಇನ್ನೊಮ್ಮೆ ಕರೆದಾಗ ದನಿ ಮಗುವಿನದಾಗಿರಲಿಲ್ಲ; ಗೊಗ್ಗರಾಗಿ, ಎಲ್ಲಿಂದಲೋ ಬಂದಂತಿತ್ತು.

“ಚೀಲ!” ಮಾಫ್ರತ್ ಕಿರುಚಿದಳು. “ನೀಲಿ ಚೀಲ ಎಲ್ಲಿ ಅತ್ತೆ? ಬಾಗಿಲಲ್ಲಿದ್ದ ಚೀಲ?”

“ಯಾವ... ಅದರಲ್ಲಿ ಬಿಸ್ಕತ್ತಿನ ಪುಡಿ ಇತ್ತು ಕಣೇ” ಬುಲೋರ್ ತೊದಲಿದಳು. “ಮಗೂಗೆ ಅಂತ ನೀನಿಟ್ಟಿದ್ದ ಬಿಸ್ಕತ್ತು, ಚೀಲದ ತುಂಬಾ ಉದುರಿತ್ತು. ಹುಳಿಹಿಟ್ಟಲ್ವಾ ಅಂತ ಹಾಗ್ಹಾಗೇ ಪೆಟ್ಟಿಗೆಗೆ ಹಾಕ್ದೆ.”

ಪೆಟ್ಟಿಗೆ ಮಾರಿಹೋಗಿತ್ತು. ಮಗುವಿನ ಜೀವ ಉಳಿಸುವ ಮದ್ದು ಪಕ್ಕದ ಮನೆಯಲ್ಲಿ, ಬೀಗದೊಳಗೆ, ಹಿಟ್ಟಿನ ಜೊತೆ ಕೂತಿತ್ತು.

ಮಾಫ್ರತ್ ಮಗುವನ್ನು ಎತ್ತಿಕೊಂಡಳು. ಗೋಡೆಯ ಹತ್ತಿರ ಹೋಗಿ ಊರಿಗೆ ಊರೇ ಕೇಳುವಂತೆ ಕೂಗಿದಳು. “ಮಸ್ತೂರಕ್ಕಾ! ಮದ್ದು ಪೆಟ್ಟಿಗೇಲಿದೆ! ಸಿವ್ಯೋಗೆ ಉಸಿರು ಕಟ್ತಿದೆ!”

ಪುಣ್ಯಕ್ಕೆ ಮಸ್ತೂರಾ ಮನೆಯಲ್ಲಿದ್ದಳು. ಬೀಗದ ಕೈ ಅವಳ ಗಂಡನ ಜೇಬಿನಲ್ಲಿತ್ತು, ಗಂಡ ಊರಿನ ಇನ್ನೊಂದು ತುದಿಯಲ್ಲಿದ್ದ. ಗೋಡೆಯಾಚೆಯಿಂದ ಅವಳ ದನಿ ಬಂತು. “ಮಗೂನ ಕಾಲು ಚಾಚಿಸಿ ಕೂರಿಸು! ಎತ್ಕೊಂಡು ಓಡಾಡಬೇಡ! ನಾನು ಬೀಗ ಒಡೀತೀನಿ, ಪೆಟ್ಟಿಗೆ ಈಗ ನಂದೇ ತಾನೆ!” ಹಿಂದೆಯೇ ಕೊಡಲಿಯ ಪೆಟ್ಟು. ಒಂದು, ಎರಡು, ಮತ್ತೊಂದು. ಎಷ್ಟು ಪೆಟ್ಟು ಬೇಕಮ್ಮಾ ಒಂದು ಬೀಗಕ್ಕೆ?

ಬುಲೋರ್ ಮಗುವಿನ ಬಾಯಿಗೆ ನೀರಿನ ಲೋಟ ಹಿಡಿಯಲು ಹೋದಳು. ತುರಿಕೆಯ ಸಿರಪ್ಪಿನ ಬಾಟಲಿಯನ್ನೂ ತಂದಳು. ಮಾಫ್ರತ್ ಅತ್ತೆಯ ಕೈ ಸರಿಸಿದಳು. ಮದುವೆಯಾಗಿ ಎಂಟು ವರ್ಷದಲ್ಲಿ ಮೊದಲ ಸಲ ಸರಿಸಿದಳು. “ಬೇಡ ಅತ್ತೆ, ಅದು ಸಾಕಾಗಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿ.”

ಮಸ್ತೂರಾ ಬರಿಗಾಲಲ್ಲಿ ಓಡಿಬಂದಳು, ಕೈಯಲ್ಲಿ ಹಿಟ್ಟು ಮೆತ್ತಿದ ನೀಲಿ ಚೀಲ. ಪೆನ್ನಿನ ಮುಚ್ಚಳ ಕಿತ್ತಳು. ಅಂಗಿ ಬಿಚ್ಚಲಿಲ್ಲ, ಯಾರ ಅಪ್ಪಣೆಗೂ ಕಾಯಲಿಲ್ಲ. ಮಗುವಿನ ತೊಡೆಯ ಹೊರಬದಿಗೆ ಬಟ್ಟೆಯ ಮೇಲೇ ಒತ್ತಿ ಹಿಡಿದು ಹತ್ತು ಎಣಿಸಿದಳು. ಮಾಫ್ರತಳೂ ಎಣಿಸಿದಳು. ಆ ಹತ್ತು ಎಣಿಸುವುದಕ್ಕೆ ಒಂದು ಯುಗ ಹಿಡಿಯಿತು.

“ಐದು ನಿಮಿಷ ನೋಡೋಣ. ಇಳೀಲಿಲ್ಲ ಅಂದ್ರೆ ಇನ್ನೊಂದು ಪೆನ್ನಿದೆ” ಎಂದಳು ಮಸ್ತೂರಾ. ಆಂಬುಲೆನ್ಸಿಗೆ ಫೋನ್ ಮಾಡಿದ ಬುಲೋರ್ ನೆಲದ ಮೇಲೆ ಕೂತು ಏನೋ ಪ್ರಾರ್ಥನೆ ಗೊಣಗುತ್ತಿದ್ದಳು. ಮಾಫ್ರತ್ ಮಗುವಿನ ಎದೆ ಏರುವುದನ್ನೂ ಇಳಿಯುವುದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಮೊದಲು ಉಬ್ಬಸ ತಗ್ಗಿತು. ಆಮೇಲೆ ಕೆಮ್ಮು ಬಿಡಿಬಿಡಿಯಾಯಿತು. ನಾಲ್ಕನೆಯ ನಿಮಿಷದಲ್ಲಿ ಸಿವ್ಯೋ ಬಾಯಿಬಿಟ್ಟು ಅತ್ತಳು. ಜೋರಾಗಿ, ದನಿ ತುಂಬಿ ಅತ್ತಳು. ಮಗುವಿನ ಅಳು ಅಷ್ಟು ಹಿತವಾಗಿರುತ್ತದೆಂದು ಆ ಮನೆಯಲ್ಲಿ ಯಾರಿಗೂ ಅದುವರೆಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಆಂಬುಲೆನ್ಸ್ ಬಂತು. “ಸರಿಹೋಯ್ತಲ್ಲ, ಇನ್ನು ಆಸ್ಪತ್ರೆ ಯಾಕೆ?” ಎಂದ ಪಕ್ಕದ ಬೀದಿಯ ಯಾರೋ ಒಬ್ಬ. ಮಸ್ತೂರಾ ಅವನನ್ನು ಕಣ್ಣಲ್ಲೇ ಸುಟ್ಟಳು. “ಮದ್ದಿನ ಬಲ ಇಳಿದ ಮೇಲೆ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು. ಹೋಗಲೇಬೇಕು.”

ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಬುಲೋರ್ ತನ್ನ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ಮಗು ಮಲಗಿತ್ತು, ಸುದ್ದಿ ತಿಳಿದು ಪೇಟೆಯಿಂದ ಓಡಿಬಂದ ನೆರ್ಯೋ ಪಕ್ಕದಲ್ಲಿದ್ದ.

“ಅನ್ನದಲ್ಲಿ ಅಕ್ರೋಟು ಇರಲಿಲ್ಲ ಮಸ್ತೂರಾ. ದೇವರಾಣೆಗೂ ಇರಲಿಲ್ಲ. ಬಟ್ಟಲೂ ಬೇರೆ ಇಟ್ಟಿದ್ದೆ.”

“ಅನ್ನದಲ್ಲಿ ಇರಲಿಲ್ಲ ದೊಡ್ಡಮ್ಮಾ. ನಿಮ್ಮ ಕೈಯಲ್ಲಿತ್ತು.”

“ನೀರಲ್ಲಿ ತೊಳೆದಿದ್ದೆ!”

“ಅದ್ದಿದ್ರಿ. ಅಕ್ರೋಟಿನ ಎಣ್ಣೆ ಬರೀ ನೀರಿಗೆ ಬಿಡಲ್ಲ. ಒರೆಸ್ಕೊಂಡ ಬಟ್ಟೇಲೂ ಅದೇ ಇತ್ತು.”

“ಅಷ್ಟೇ ಅಷ್ಟು! ಕಣ್ಣಿಗೂ ಕಾಣದಷ್ಟು! ಅಷ್ಟಕ್ಕೆ ಹೀಗಾಗುತ್ತಾ?”

ಮಸ್ತೂರಾ ಹತ್ತಿರ ಸರಿದು ಕೂತಳು. ಆಮೇಲೆ ಮೆಲ್ಲಗೆ ಕೇಳಿದಳು. “ಹೋದ ವರ್ಷ ಹಬ್ಬದ ಮೂರನೇ ದಿನ ಬೆಂದ ಅನ್ನದಲ್ಲಿ ಒಂದು ಗೋಧಿಕಾಳು ಸಿಕ್ತು ಅಂತ ನೀವೇನು ಮಾಡಿದ್ರಿ?”

“ಇಡೀ ಕಡಾಯಿ ಚೆಲ್ದೆ.”

“ಯಾಕೆ? ಒಂದು ಕಾಳು ತೆಗೆದು ಬಿಸಾಕಿ ಮಿಕ್ಕಿದ್ದು ಉಣ್ಣಬಹುದಿತ್ತಲ್ಲ?”

“ಅದು ಹೇಗಾಗುತ್ತೆ? ಹುಳಿಹಿಟ್ಟಿಗೆ ಒಂಚೂರು, ಅರೆಚೂರು ಅಂತ ಲೆಕ್ಕ ಇಲ್ಲ. ಸಾವಿರದಲ್ಲಿ ಒಂದಿದ್ರೂ...” ಬುಲೋರ್ ತನ್ನ ಕೈಗಳನ್ನು ನೋಡಿಕೊಂಡಳು.

“ನಿಮಗೆ ಎಂಟು ದಿನ ಹುಳಿಹಿಟ್ಟು ಹೇಗೋ, ಆ ಮಗೂಗೆ ವರ್ಷಪೂರ್ತಿ ಅಕ್ರೋಟು ಹಾಗೆ. ಇಷ್ಟೇ ದೊಡ್ಡಮ್ಮಾ. ನಿಮಗಿಂತ ಚೆನ್ನಾಗಿ ಇದನ್ನ ಯಾರು ಪಾಲಿಸಬಲ್ಲರು ಹೇಳಿ? ಸೂಜಿ ಬಿದ್ರೂ ಹುಡುಕೋ ಕಣ್ಣು ನಿಮ್ಮದು.”

ಮುದುಕಿ ಬಿಕ್ಕಿಬಿಕ್ಕಿ ಅತ್ತಳು. ಮಾಫ್ರತ್ ಪಕ್ಕಕ್ಕೆ ಬಂದು ಕೂತಳು. ಅವಳಿಗೆ ಸಿಟ್ಟಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಸಿಟ್ಟಿನಲ್ಲಿ ಅರ್ಧ ತನ್ನ ಮೇಲೇ ಇತ್ತು. “ತಪ್ಪು ನಂದೂ ಇದೆ ಅತ್ತೆ. ಆ ಚೀಲದಲ್ಲಿ ಏನಿದೆ ಅಂತ ನಿಮಗೆ ಹೇಳಲೇ ಇಲ್ಲ. ಮೊಳೆ ಖಾಲಿ ಇದ್ದಿದ್ದು ನೋಡಿಯೂ ಕೇಳಲಿಲ್ಲ. ನಿಮ್ಮ ಕೈ ನೋಡ್ತಾನೇ ಇದ್ದೆ, ಬಾಯಿ ಬಿಡಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ ನನ್ನ ಮಗೂನ ಪಣಕ್ಕಿಟ್ಟೆ.”

“ಇನ್ನು ಮೇಲೆ ಬಾಯಿ ಬಿಡು” ಎಂದಳು ಬುಲೋರ್ ಮೂಗೊರೆಸಿಕೊಳ್ಳುತ್ತಾ. “ನಾನು ಬೈದ್ರೂ ಬಿಡು.”

ಸೇದರ್ ಊಟ ಎರಡು ರಾತ್ರಿ ನಡೆಯುತ್ತದೆ. ಮೊದಲ ರಾತ್ರಿ ತಾಯಿ ಮಗಳು ಆಸ್ಪತ್ರೆಯಲ್ಲೇ ಕಳೆದರು. ಮರುದಿನ ಬೆಳಗ್ಗೆ ನೆರ್ಯೋ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದೇ ಮನೆಗೆ ಬಂದ, ಹಬ್ಬದ ದಿನ ಗಾಡಿ ಹತ್ತುವಂತಿಲ್ಲವಲ್ಲ. ದಾರಿಯಲ್ಲಿ ಸಿಕ್ಕ ಕೇರಿಯ ಧರ್ಮಗುರು ರಬ್ಬಿಯನ್ನು, “ಮತ್ತೆ ಹೀಗಾದ್ರೆ ಹಬ್ಬದ ದಿನ ಫೋನ್ ಮುಟ್ಟಬಹುದಾ?” ಎಂದು ಕೇಳಿದ. ರಬ್ಬಿ ರೇಗಿಯೇಬಿಟ್ಟರು. “ಜೀವ ಹೋಗೋ ಹೊತ್ತಲ್ಲಿ ನನ್ನ ಹುಡುಕ್ಕೊಂಡು ಬರ್ತೀಯೇನಯ್ಯಾ? ಫೋನ್ ಎತ್ತು, ಗಾಡಿ ಹತ್ತು, ವಾರದ ಪವಿತ್ರ ದಿನ ಸಬ್ಬತ್ ಆದ್ರೂ ಸರಿ. ಜೀವ ಉಳಿಸೋದೇ ಆವತ್ತಿನ ಧರ್ಮ.”

ಮನೆಗೆ ಬಂದರೆ ಅಕ್ರೋಟಿನ ಸುಳಿವೇ ಇರಲಿಲ್ಲ. ಹಲೆಕ್ ಕಡಾಯಿಯೂ ಇಲ್ಲ, ಒರಳೂ ಇಲ್ಲ, ಒರೆಸುವ ಬಟ್ಟೆಯೂ ಇಲ್ಲ. ಹಿಂದಿನ ದಿನ ಹೊತ್ತು ಮುಳುಗುವ ಮುಂಚೆಯೇ ಬುಲೋರ್ ಎಲ್ಲವನ್ನೂ ಮಸ್ತೂರಳ ಮನೆಗೆ ಸಾಗಿಸಿ, ಕಪಾಟು, ಮೇಜು, ಚಿಲಕವನ್ನೂ ಬಿಡದೆ ಸೋಪುನೀರಿನಲ್ಲಿ ತಿಕ್ಕಿದ್ದಳು. ಉಳಿದ ಪೆನ್ನು ಮೊಳೆಯಲ್ಲಿ ನೇತಾಡುತ್ತಿತ್ತು. ಬಳಸಿದ್ದರ ಬದಲಿಗೆ ಇನ್ನೊಂದನ್ನು ತರಿಸಿಕೊಡಲು ಡಾಕ್ಟರು ಆಗಲೇ ಒಪ್ಪಿದ್ದರು.

ಆ ಸಂಜೆ ಮೊದಲು ಬಂದವಳು ಬುಲೋರಳ ತಂಗಿ ಝುಲೈ. ಎರಡು ಬೀದಿಯಾಚೆ ಅವಳ ಮನೆ. ಕೈಯಲ್ಲಿ ದೊಡ್ಡ ಕೇಕು. ಈ ಸಲ ಮಾಫ್ರತ್ ತಡಮಾಡಲಿಲ್ಲ, ನೇರ ಬಾಗಿಲಿಗೆ ಹೋದಳು.

“ಚಿಕ್ಕತ್ತೆ, ಕೇಕಿನಲ್ಲಿ ಅಕ್ರೋಟಿದ್ಯಾ?”

“ಇಲ್ದೆ ಇರುತ್ತಾ? ಹಬ್ಬದ ಕೇಕಲ್ವಾ!”

“ಹಾಗಾದ್ರೆ ಒಳಗೆ ತರೋದು ಬೇಡ. ಬೇಜಾರು ಮಾಡ್ಕೋಬೇಡಿ. ತಿಂದು ಬಂದಿದ್ರೆ ಕೈ ಬಾಯಿ ಸೋಪು ಹಾಕಿ ತೊಳ್ಕೊಂಡು ಬನ್ನಿ, ಮಗೂಗೆ ಮುತ್ತು ಕೊಡೋಕೂ ಮುಂಚೆ.”

ಝುಲೈಳ ಮುಖ ಸೊಟ್ಟಗಾಯಿತು. “ಅಕ್ಕಾ, ನಿನ್ನ ಸೊಸೆ ನನ್ನನ್ನ ಬಾಗಿಲಲ್ಲೇ ನಿಲ್ಲಿಸ್ತಿದಾಳೆ ನೋಡು!”

“ಸರಿಯಾಗೇ ನಿಲ್ಲಿಸಿದಾಳೆ” ಎಂದು ಒಳಗಿಂದ ಬುಲೋರಳ ದನಿ ಬಂತು. “ಕೇಕು ಮಸ್ತೂರಾ ಮನೇಲಿಟ್ಟು ಬಾ. ಸೋಪು ಅಲ್ಲೇ ಬಚ್ಚಲ ಹತ್ತಿರ ಇದೆ.”

ಎಲ್ಲರೂ ಮೇಜಿನ ಸುತ್ತ ಕೂತರು. ಹಬ್ಬದ ರಾತ್ರಿ ಮನೆಯ ಕಿರಿಯ ಮಗು ನಾಲ್ಕು ಪ್ರಶ್ನೆ ಕೇಳಬೇಕು, ಹಿರಿಯರು ಉತ್ತರ ಹೇಳಬೇಕು. ಸಿವ್ಯೋ ಇನ್ನೂ ಸ್ವಲ್ಪ ಗೊಗ್ಗರಿದ್ದ ದನಿಯಲ್ಲಿ ನಾಲ್ಕನ್ನೂ ತಪ್ಪಿಲ್ಲದೆ ಹಾಡಿದಳು. ಖರ್ಜೂರ, ಒಣದ್ರಾಕ್ಷಿ, ಸೇಬಿನ ಹಲೆಕ್ಕನ್ನು ಎಲ್ಲರೂ ನೆಕ್ಕಿದರು. ಚೆನ್ನಾಗಿಯೇ ಇತ್ತು. ಊಟದ ನಡುವೆ ಯಾರೋ ಅತಿಥಿ ತಂದಿದ್ದ ಒಣಹಣ್ಣಿನ ಉಂಡೆಗಳ ತಟ್ಟೆ ಕೈಯಿಂದ ಕೈಗೆ ಸಾಗುತ್ತಾ ಬುಲೋರಳ ಹತ್ತಿರ ಬಂತು. ಬಾಗಿಲಲ್ಲಿ ಹೇಗೆ ನುಸುಳಿತೋ! ಮಗುವಿನ ಕೈ ಚಾಚಿತು. ಆದರೆ ಉಂಡೆಯನ್ನು ಮುಟ್ಟಲಿಲ್ಲ.

“ಅಜ್ಜಿ, ಇದರಲ್ಲಿ ಅಕ್ರೋಟಿದ್ಯಾ?”

ಮಾಫ್ರತ್ ಅರ್ಧ ಎದ್ದಿದ್ದಳು. ಕೇರಿಯ ಯಾವ ಅಡುಗೆಯಲ್ಲಿ ಏನಿದೆಯೆಂದು ಮೂಸಿಯೇ ಹೇಳಬಲ್ಲೆ ಎಂದು ಇಷ್ಟು ವರ್ಷ ಬೀಗುತ್ತಾ ಬಂದಿದ್ದ ಬುಲೋರ್ ಆ ಉಂಡೆಗಳನ್ನು ನೋಡಿದಳು. ಮೂಸಲಿಲ್ಲ.

“ನಂಗೊತ್ತಿಲ್ಲ ಮಗಾ” ಎಂದಳು. “ಗೊತ್ತಿಲ್ಲ ಅಂದ್ಮೇಲೆ ನೀನು ತಿನ್ನಬಾರದು.” ತಾನೇ ಎದ್ದು, ತಟ್ಟೆಯನ್ನು ಹೊರಗಿಟ್ಟು, ಸೋಪು ಹಾಕಿ ಕೈ ತೊಳೆದುಕೊಂಡು ಬಂದು ಮೊಮ್ಮಗಳ ಪಕ್ಕ ಕೂತಳು.

ಅಮ್ಮಂದಿರೇ, ಅಜ್ಜಿಯರೇ, ಹಬ್ಬಕ್ಕೆ ನೆಂಟರನ್ನು ಕರೆಯುವವರೇ, ನೆಂಟರಾಗಿ ಹೋಗುವವರೇ! ಪೆಸಾಹ್ ಆಗಲಿ, ಪೂರಿಮ್ ಆಗಲಿ, ನಿಮ್ಮ ಮನೆಯ ಯಾವ ಹಬ್ಬವೇ ಆಗಲಿ, ಕರೆಯುವಾಗಲೇ ಒಂದು ಮಾತು ಕೇಳಿ: “ನಿಮ್ಮಲ್ಲಿ ಯಾರಿಗಾದರೂ ಯಾವುದಾದರೂ ತಿನಿಸು ಆಗುವುದಿಲ್ಲವೇ?” ಹೋಗುವವರೇ, ಅವರು ಕೇಳುವವರೆಗೂ ಕಾಯಬೇಡಿ, ನೀವೇ ಹೇಳಿ, ಒಯ್ಯುವ ತಿಂಡಿಯಲ್ಲಿ ಏನೇನಿದೆ ಎಂದು ಒಂದು ಚೀಟಿ ಬರೆದು ಅಂಟಿಸಿ. ಆಗದ ವಸ್ತು ಒಂದು ಚೂರೂ ಬೇಡ. ಕೈಯಲ್ಲಿ, ಚಮಚದಲ್ಲಿ, ಒರಳಿನಲ್ಲಿ ಅಂಟಿದ್ದೂ ಚೂರೇ. ಡಾಕ್ಟರು ಕೊಟ್ಟ ಮದ್ದು ಎಲ್ಲಿದೆ, ಹೇಗೆ ಹಾಕಬೇಕು ಎಂದು ಮನೆಯ ದೊಡ್ಡವರೆಲ್ಲರಿಗೂ ಗೊತ್ತಿರಲಿ. ಹಬ್ಬದ ತೊಳೆಯುವ ಬಳಿಯುವ ಕೆಲಸ ಶುರುವಾಗುವ ಮುಂಚೆ ಅದು ಇದ್ದಲ್ಲೇ ಇದೆಯೇ ಎಂದು ನೋಡಿ. ಉಸಿರು ಕಟ್ಟಿದರೆ, ದನಿ ಗೊಗ್ಗರಾದರೆ, ದದ್ದಿನ ಜೊತೆ ವಾಂತಿ ಬಂದರೆ, ಮಗು ನಿತ್ರಾಣವಾಗಿ ಬಿದ್ದರೆ ಮೊದಲು ಮದ್ದು ಚುಚ್ಚಿ, ಆಮೇಲೆ ಆಂಬುಲೆನ್ಸ್ ಕರೆಯಿರಿ, ಸರಿಹೋದಂತೆ ಕಂಡರೂ ಆಸ್ಪತ್ರೆಗೆ ಹೋಗಿ.

ಯಾರೋ ಬೇಜಾರು ಮಾಡಿಕೊಳ್ಳುತ್ತಾರೆಂದು ಬಾಯಿ ಮುಚ್ಚಿಕೊಂಡು ಕೂರಬೇಡಿ. ನೆಂಟರ ಬೇಜಾರು ಎರಡು ದಿನಕ್ಕೆ ಹೋಗುತ್ತದೆ. ಇವತ್ತು ನಿಮ್ಮ ಮನೆಗೆ ಬರುವ ಮಗುವಿನ ತಾಯಿಯನ್ನು ಇವತ್ತೇ ಕೇಳಿ.